ಸತ್ತ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಕಸಕ್ಕೆ ಹಾಕಬಹುದಾ?

ಪ್ರಶ್ನೆ: ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ ಬ್ಯಾಟರಿ ಎರಡು ವರ್ಷದಿಂದ ಡ್ರಾಯರ್‌ನಲ್ಲಿ ಬಿದ್ದಿದೆ. ಚಾರ್ಜ್ ನಿಲ್ಲುವುದೇ ಇಲ್ಲ. ಪೂರ್ತಿ ಸತ್ತಿದೆ ಅಂದಮೇಲೆ ಕಸದ ಬುಟ್ಟಿಗೆ ಹಾಕಿದರೆ ತಪ್ಪೇನು?

ಉತ್ತರ: ಹಾಕಬೇಡಿ. ಅದು ನೀವಂದುಕೊಂಡ ಹಾಗೆ ಪೂರ್ತಿ ಸತ್ತಿಲ್ಲ.

ಲ್ಯಾಪ್‌ಟಾಪ್ ಬ್ಯಾಟರಿ ಅಂದರೆ ಒಂದೇ ಬ್ಯಾಟರಿ ಅಲ್ಲ. ಅದರೊಳಗೆ ಸಾಮಾನ್ಯವಾಗಿ ಮೂರು, ನಾಲ್ಕು, ಆರು ಲಿಥಿಯಂ ಅಯಾನ್ ಸೆಲ್‌ಗಳಿರುತ್ತವೆ. ಅವನ್ನು ಕಾಯಲು ಪುಟ್ಟ ಸರ್ಕ್ಯೂಟ್ ಬೋರ್ಡ್ ಒಂದಿರುತ್ತದೆ. ಒಂದು ಸೆಲ್ ಕೈಕೊಟ್ಟರೂ ಸಾಕು, ಆ ಬೋರ್ಡ್ ಇಡೀ ಬ್ಯಾಟರಿಯನ್ನೇ ನಿಲ್ಲಿಸಿಬಿಡಬಹುದು. ಪಕ್ಕದ ಸೆಲ್‌ಗಳಲ್ಲಿ ಚಾರ್ಜ್ ಹಾಗೇ ಉಳಿದಿರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

ಪ್ರತಿ ಸೆಲ್‌ನೊಳಗೆ ಪ್ಲಸ್ ಮತ್ತು ಮೈನಸ್ ಪದರಗಳ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಸುತ್ತ ಇರುವ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಕಸದ ಲಾರಿ ಕಸವನ್ನು ಒತ್ತಿ ಅದುಮುವಾಗ ಆ ಹಾಳೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಸೆಲ್ ಬಿಸಿಯಾಗುತ್ತದೆ, ಆ ಬಿಸಿಗೆ ಪಕ್ಕದ್ದೂ ಹೊತ್ತಿಕೊಳ್ಳುತ್ತದೆ. ಸುತ್ತ ಒಣ ಕಾಗದ, ಪ್ಲಾಸ್ಟಿಕ್ ರಾಶಿ ಬೇರೆ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲವೂ ಇರುತ್ತದೆ. ಆಗ ಅಲ್ಲಿ ನಿಂತಿರುವವರು ನಾವಲ್ಲ, ಕಸ ಬೇರ್ಪಡಿಸುವ ಕೆಲಸದವರು. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಮೊದಲು ಬ್ಯಾಟರಿಯ ಲೋಹದ ಪಿನ್‌ಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ. ಎರಡು ಬ್ಯಾಟರಿ ಇದ್ದರೆ ಎರಡು ಕವರ್. ಬೀಗದ ಕೈ, ನಾಣ್ಯದ ಜೊತೆ ಇಡಬೇಡಿ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯವರು ಹಳೇದನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲದಿದ್ದರೆ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ತೂಕಕ್ಕೆ ಹಾಕಿ ಕೊಳ್ಳುವ ಗುಜರಿಯವರಿಗೆ ಕೊಡುವುದು ಬೇಡ. ಸುತ್ತಿಗೆಯಿಂದ ಒಡೆದು ತಾಮ್ರ ತೆಗೆಯಲು ಹೋದರೆ ಅವರ ಕೈಯಲ್ಲೇ ಬೆಂಕಿ.

ಉಪ್ಪುನೀರಲ್ಲಿ ನೆನೆಸಿಟ್ಟರೆ ಚಾರ್ಜ್ ಇಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಮನೆಯಲ್ಲಿ ಅದನ್ನು ಮಾಡಬೇಡಿ. ಪಿನ್‌ಗಳು ತುಕ್ಕು ಹಿಡಿಯುತ್ತವೆ, ಒಳಗೆ ಎಷ್ಟು ಚಾರ್ಜ್ ಉಳಿಯಿತೆಂದು ತಿಳಿಯುವುದಿಲ್ಲ, ಸೆಲ್ ಸೋರಿದರೆ ಆ ನೀರೂ ವಿಷವೇ.

ಉಬ್ಬಿದ ಬ್ಯಾಟರಿಯ ವಿಷಯವೇ ಬೇರೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗೆ ಅನಿಲ ತುಂಬಿಕೊಂಡಿರಬಹುದು. ಕೂಡಲೇ ಆಫ್ ಮಾಡಿ, ಮತ್ತೆ ಚಾರ್ಜ್ ಹಾಕಬೇಡಿ. ಒತ್ತಿ ಸಮ ಮಾಡಲು, ಸೂಜಿ ಚುಚ್ಚಿ ಗಾಳಿ ಬಿಡಲು ಯಾವತ್ತೂ ಹೋಗಬೇಡಿ. ಹೊರಗಿನಿಂದಲೇ ಸುಲಭವಾಗಿ ಕಳಚುವಂಥ ಬ್ಯಾಟರಿಯಾದರೆ ತೆಗೆದು, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಡಿ. ಮುಚ್ಚಳ ಬಿಗಿಯಬೇಡಿ, ಅನಿಲ ಹೊರಹೋಗಲು ದಾರಿ ಬೇಕು. ಒಳಗೆ ಅಂಟಿಸಿದ ಬ್ಯಾಟರಿಯಾದರೆ ನೀವು ಕೀಳಲು ಹೋಗದೆ ಇಡೀ ಲ್ಯಾಪ್‌ಟಾಪನ್ನೇ ಕೊಡಿ. ಎರಡನ್ನೂ ಕೊಂಡೊಯ್ಯುವವರೆಗೆ ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಡಿ. ಉಬ್ಬಿದೆ ಎಂದು ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ತಿಳಿಸಿ. ಕೊರಿಯರ್‌ನಲ್ಲಿ ಕಳಿಸಬೇಡಿ. ಕೆಟ್ಟ ಲಿಥಿಯಂ ಬ್ಯಾಟರಿಗಳಿಗೆ ವಿಮಾನದಲ್ಲಿ ನಿಷೇಧವಿದೆ. ಬುಸ್ಸೆನ್ನುವ ಸದ್ದು, ಸಿಹಿ ಸಿಹಿಯಾದ ವಿಚಿತ್ರ ವಾಸನೆ ಅಥವಾ ಹೊಗೆ ಬಂದರೆ ಮುಟ್ಟಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕದವರನ್ನು ಕರೆಯಿರಿ.

ಸರಿಯಾದ ಕಡೆ ಕೊಟ್ಟರೆ ಅಲ್ಲಿ ಚಾರ್ಜ್ ಇಳಿಸಿ, ಬ್ಯಾಟರಿಯನ್ನು ಪುಡಿ ಮಾಡುತ್ತಾರೆ. ತಾಮ್ರ, ಅಲ್ಯೂಮಿನಿಯಂ ಬೇರೆಯಾದ ಮೇಲೆ ಕಪ್ಪು ಪುಡಿಯೊಂದು ಉಳಿಯುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಕೋಬಾಲ್ಟ್, ನಿಕಲ್, ಲಿಥಿಯಂ ತೆಗೆಯುತ್ತಾರೆ. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಾಂಗೋದ ಗಣಿಗಳಿಂದ. ಅಲ್ಲಿ ಬರಿಗೈಯಲ್ಲಿ ಅಗೆಯುವವರೂ ಇದ್ದಾರೆ. ಅಷ್ಟು ಕಷ್ಟದಿಂದ ಬಂದ ಲೋಹ ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿರುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಬ್ಯಾಟರಿಯಲ್ಲಿ ನಿಮ್ಮ ಫೋಟೋ, ಫೈಲ್ ಯಾವುದೂ ಇರುವುದಿಲ್ಲ. ಆದರೆ ಇಡೀ ಲ್ಯಾಪ್‌ಟಾಪ್ ಕೊಡುವುದಾದರೆ ಹಾರ್ಡ್ ಡಿಸ್ಕಿನ ಬಗ್ಗೆ ಮೊದಲು ಕೇಳಿ. ಉಬ್ಬಿದ ಬ್ಯಾಟರಿ ಒಳಗಿರುವಾಗ ಫೈಲ್ ಅಳಿಸಲೆಂದು ಅದನ್ನು ಮತ್ತೆ ಆನ್ ಮಾಡಬೇಡಿ. ಬ್ಯಾಟರಿ ತೆಗೆದ ಮೇಲೆ ಡಿಸ್ಕನ್ನು ನಿಮಗೇ ವಾಪಸ್ ಕೊಡುವಂತೆ ಹೇಳಿ.