ಕುಂಡದ ತಳಕ್ಕೆ ಜಲ್ಲಿ ಯಾಕೆ ಹಾಕ್ತೀರಿ?

ನಾನು ಕೊಂದ ಮೊದಲ ಗಿಡ ಒಂದು ಟೊಮೇಟೊ. ತುಂಬಾ ಕಾಳಜಿ ಮಾಡಿಯೇ ಕೊಂದೆ. ಕುಂಡದ ತಳಕ್ಕೆ ನಾಲ್ಕು ಬೆರಳು ಜಲ್ಲಿ ಹಾಕಿದ್ದೆ, ಅದರ ಮೇಲೆ ಒಳ್ಳೆ ಮಣ್ಣು, ದಿನಾ ತಪ್ಪದೆ ನೀರು. ನೀರು ಬಸಿದು ಹೋಗಬೇಕಾದರೆ ಜಲ್ಲಿ ಇರಲೇಬೇಕು ಅಂತ ಎಲ್ಲರೂ ಹೇಳುತ್ತಾರಲ್ವಾ, ನಾನೂ ನಂಬಿದ್ದೆ. ಸ್ವಲ್ಪ ದಿನಕ್ಕೆ ಎಲೆ ಬಾಡಿತು. ಬಾಯಾರಿಕೆ ಇರಬೇಕು ಅಂದುಕೊಂಡು ಇನ್ನೊಂದು ಚೊಂಬು ನೀರು ಹಾಕಿದೆ. ವಾರದೊಳಗೆ ಕಥೆ ಮುಗಿಯಿತು. ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ ಲೊಳಲೊಳ ಅನ್ನುತ್ತಿತ್ತು, ಮಣ್ಣಿಗೆ ಕೊಳೆತ ಮೊಟ್ಟೆಯ ವಾಸನೆ.

ಊರ ನಡುವೆ, ಬಾಲ್ಕನಿಯಲ್ಲೋ ತಾರಸಿಯಲ್ಲೋ ನಮ್ಮ ಊಟಕ್ಕೆ ನಾವೇ ಬೆಳೆಯೋಣ ಅಂತ ಹೊರಟವರಿಗೆ ಬೀಜ, ಗೊಬ್ಬರ, ಬಿಸಿಲಿನ ಬಗ್ಗೆ ಹೇಳುವವರು ಬೇಕಾದಷ್ಟು ಇದ್ದಾರೆ. ಅದೆಲ್ಲ ನಿಮಗೂ ಗೊತ್ತಿರುತ್ತದೆ. ನನ್ನ ತಕರಾರು ಈ ಜಲ್ಲಿಯ ಮೇಲೆ ಮಾತ್ರ.

ಪಾತ್ರೆ ತೊಳೆಯುವ ಸ್ಪಂಜು ತೊಗೊಳ್ಳಿ. ನೀರಲ್ಲಿ ಪೂರ್ತಿ ನೆನೆಸಿ, ಅಂಗೈ ಮೇಲೆ ಮಲಗಿಸಿದ ಹಾಗೆ ಅಡ್ಡಡ್ಡ ಹಿಡಿಯಿರಿ. ತೊಟತೊಟ ಸೋರಿ, ಆಮೇಲೆ ನಿಲ್ಲುತ್ತದೆ. ಹಿಂಡಬೇಡಿ. ಈಗ ಅದನ್ನು ಹಾಗೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ತೂತುಗಳು ಅವೇ. ಬದಲಾಗಿದ್ದು ಎತ್ತರ ಮಾತ್ರ. ಒಗೆದ ಬಟ್ಟೆಯನ್ನು ತಂತಿಗೆ ಹಾಕಿದಾಗಲೂ ಹೀಗೇ: ಮೇಲೆಲ್ಲ ಒಣಗಿದರೂ ಕೆಳಗಿನ ಅಂಚು ಒದ್ದೆಯಾಗೇ ಇರುತ್ತದೆ. ಆ ಅಂಚಿನ ಕೆಳಗೆ ಇರುವುದು ಬರೀ ಗಾಳಿ, ನೀರು ಬೀಳುವುದಕ್ಕೆ ಅಡ್ಡಿ ಏನೂ ಇಲ್ಲ. ಆದರೂ ಬೀಳುವುದಿಲ್ಲ.

ಯಾಕೆಂದರೆ ಸಣ್ಣ ಸಂದಿಗಳಲ್ಲಿ ನೀರು ಗೋಡೆಗೆ ಅಂಟಿಕೊಳ್ಳುತ್ತದೆ, ತನ್ನ ಪಕ್ಕದ ನೀರನ್ನೂ ಹಿಡಿದುಕೊಳ್ಳುತ್ತದೆ. ಶಾಲೆಯಲ್ಲಿ ಇದಕ್ಕೆ ಲೋಮನಾಳ ಅಂತ ಹೆಸರು ಹೇಳಿಕೊಟ್ಟಿದ್ದರು. ಲೋಮ ಅಂದರೆ ಕೂದಲು, ಕೂದಲಿನಷ್ಟು ಸಣ್ಣ ಕೊಳವೆ. ಸಂದಿ ಎಷ್ಟು ಕಿರಿದೋ ನೀರು ಅಷ್ಟು ಎತ್ತರ ನಿಲ್ಲುತ್ತದೆ. 1 ಮಿ.ಮೀ. ಅಗಲದ ಗಾಜಿನ ಕೊಳವೆಯಲ್ಲಿ ಸುಮಾರು 3 ಸೆಂ.ಮೀ., 0.1 ಮಿ.ಮೀ. ಕೊಳವೆಯಲ್ಲಿ ಸುಮಾರು 30 ಸೆಂ.ಮೀ. ಈ ಲೆಕ್ಕವನ್ನು 1718ರ ಸುಮಾರಿಗೆ ಬರೆದಿಟ್ಟವನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜೂರಿನ್. ಈ ಮನುಷ್ಯನೇ ಮುಂದೆ ಸಿಡುಬಿನ ವಿಷಯದಲ್ಲೂ ಲೆಕ್ಕಕ್ಕೆ ಕೂತ. ಸಿಡುಬು ತಾನಾಗಿ ಬಂದಾಗ ಎಷ್ಟು ಜನ ಸಾಯುತ್ತಾರೆ, ಜೋರಾಗಿ ಬರದಿರಲಿ ಅಂತ ಬೇಕೆಂದೇ ಮೈಗೆ ಚುಚ್ಚಿಸಿಕೊಂಡಾಗ ಎಷ್ಟು ಜನ ಸಾಯುತ್ತಾರೆ ಅಂತ ಊರೂರಿನಿಂದ ಪತ್ರ ತರಿಸಿ ಎಣಿಸಿದ. ಎಲ್ಲರೂ ಹೇಳುತ್ತಾರೆ ಅನ್ನುವ ಮಾತಿಗೆ ಮರುಳಾಗುವ ಆಸಾಮಿಯೇ ಅಲ್ಲ. ನನ್ನ ಜಲ್ಲಿ ನೋಡಿದ್ದರೆ ನಕ್ಕಿರುತ್ತಿದ್ದ.

ಈಗ ಕುಂಡಕ್ಕೆ ಬನ್ನಿ. ಮಣ್ಣು ಅಂದರೆ ಸಾವಿರಾರು ಸಣ್ಣ ಕೊಳವೆಗಳ ಕಟ್ಟು ಅಂದುಕೊಳ್ಳಿ. ನುಣ್ಣನೆ ಮಣ್ಣಿನಲ್ಲಿ 0.2 ಮಿ.ಮೀ.ಗಿಂತ ಕಿರಿದಾದ ಸಂದಿಗಳೇ ಜಾಸ್ತಿ. ಅಂಥ ಸಂದಿ 15 ಸೆಂ.ಮೀ. ಎತ್ತರದವರೆಗೂ ನೀರನ್ನು ಬಿಡದೆ ಹಿಡಿದಿಡುತ್ತದೆ. ನಿಮ್ಮ ಕುಂಡವೇ 15 ಸೆಂ.ಮೀ. ಇದ್ದರೆ? ತಳದಲ್ಲಿ ಎಷ್ಟು ತೂತು ಕೊರೆದರೂ ಈ ಸಂದಿಗಳು ಖಾಲಿ ಆಗುವುದಿಲ್ಲ. ಬಟ್ಟೆಯ ಅಂಚಿನ ಹಾಗೆ ಕುಂಡದ ತಳದಲ್ಲಿ ಒಂದು ಜೌಗು ಪದರ ಕೂತೇ ಇರುತ್ತದೆ. ಅದರ ದಪ್ಪ ಮಣ್ಣನ್ನು ಅವಲಂಬಿಸಿದೆ. ಕುಂಡ ಎತ್ತರವೋ ಗಿಡ್ಡವೋ, ಅದಕ್ಕೆ ಲೆಕ್ಕಕ್ಕಿಲ್ಲ.

ಜಲ್ಲಿ ಹಾಕಿದಿರಿ ಅಂದುಕೊಳ್ಳಿ. ಜಲ್ಲಿಯ ಸಂದಿಗಳು ದೊಡ್ಡವು, 5 ಮಿ.ಮೀ. ಇದ್ದರೆ ಅದರ ಎಳೆತ 6 ಮಿ.ಮೀ. ಎತ್ತರದಷ್ಟೇ, ಅಂದರೆ ಏನೂ ಇಲ್ಲ. ಮೇಲಿನ ಮಣ್ಣು ಗಟ್ಟಿಯಾಗಿ ಹಿಡಿದಿಟ್ಟ ನೀರನ್ನು ಅದು ಕಸಿದುಕೊಳ್ಳಲಾರದು. ಮಣ್ಣಿನ ಕೆಳ ಅಂಚು ಪೂರ್ತಿ ತುಂಬಿ ತುಳುಕುವವರೆಗೂ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಸಾಲ ಕೊಡುವವನು ಜಿಪುಣ, ಕೇಳುವವನಿಗೆ ಬಾಯೇ ಇಲ್ಲ. ಹಾಗಾಗಿ ಜೌಗು ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲೆ ಹತ್ತಿ ಕೂರುತ್ತದೆ. 25 ಸೆಂ.ಮೀ. ಕುಂಡ, 12 ಸೆಂ.ಮೀ. ಜೌಗು ಅಂದರೆ ಬೇರಿಗೆ ಉಳಿಯುವುದು 13. ಅದಕ್ಕೆ 7 ಸೆಂ.ಮೀ. ಜಲ್ಲಿ ಹಾಕಿದರೆ ಉಳಿಯುವುದು 6. ನೆಲ ಎತ್ತರ ಮಾಡಿಕೊಂಡು ಸೂರಿಗೆ ತಲೆ ತಾಗಿತು ಅಂತ ಅತ್ತ ಹಾಗಾಯಿತು. (ಒರಟು ಮರಳಾದರೆ ಲೆಕ್ಕ ಸ್ವಲ್ಪ ಬೇರೆ. ಅದರ ಸಂದಿ ಸಣ್ಣದಿರುವುದರಿಂದ ನೀರಿನ ಸರಪಳಿ ಕಡಿಯದೆ ಕೆಳಗಿನವರೆಗೂ ಹೋಗುತ್ತದೆ, ತುಸು ಎಳೆಯುತ್ತದೆ. ನಾನು ಹೇಳುತ್ತಿರುವುದು ಜಲ್ಲಿ, ಹೆಂಚಿನ ಚೂರಿನ ಮಾತು. ಮಣ್ಣು ಸೋರದಿರಲಿ ಅಂತ ತೂತಿನ ಮೇಲೆ ಒಂದು ತುಂಡು ಜಾಲರಿ ಇಟ್ಟರೆ ಅದಕ್ಕೂ ಜಗಳವಿಲ್ಲ.)

ನೀರು ಇದ್ದರೆ ಬೇರಿಗೆ ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಬೇರು ಉಸಿರಾಡಬೇಕು ಸ್ವಾಮಿ. ಎಲೆ ಆಮ್ಲಜನಕ ಬಿಡುತ್ತದೆ ಅನ್ನುವುದು ಎಲ್ಲರಿಗೂ ಬಾಯಿಪಾಠ, ಬೇರು ಅದನ್ನೇ ಹಗಲೂ ರಾತ್ರಿ ಬಳಸುತ್ತದೆ ಅನ್ನುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕ ಇದ್ದರೆ, 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು 8 ಮಿಲಿಗ್ರಾಂ. ಆ ಸ್ವಲ್ಪವೂ ನೀರೊಳಗೆ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರಿಗೆ ನೀರು ಹೀರುವ ಶಕ್ತಿಯೂ ಹೋಗುತ್ತದೆ, ಆಗ ನೀರಿನ ನಡುವೆಯೇ ಎಲೆ ಬಾಡುತ್ತದೆ. ನಾವು ನೋಡಿ, ಪಾಪ ಒಣಗಿದೆ ಅಂತ ಇನ್ನೂ ನೀರು ಹಾಕುತ್ತೇವೆ. ಪಿಥಿಯಂ ಅನ್ನುವ ಬೇರು ಕೊಳೆಸುವ ಜೀವಿಗೆ ಇದು ಹಬ್ಬ. ಅದರ ಬೀಜಕಣಗಳು ನೀರಿನಲ್ಲಿ ಈಜಿಕೊಂಡೇ ಬೇರಿನ ಹತ್ತಿರ ಬರುತ್ತವೆ.

ಹಾಗಾದರೆ ರಸ್ತೆ ಬದಿಯ ಕಲ್ಲುಚಪ್ಪಡಿಯ ಸಂದಿಯಲ್ಲಿ, ಯಾರೂ ನೋಡಿಕೊಳ್ಳದ ಸೊಪ್ಪು ಹೇಗೆ ಅಷ್ಟು ಜೋರಾಗಿ ಬೆಳೆಯುತ್ತದೆ? ಅದರ ಕೆಳಗೆ ಭೂಮಿ ಇದೆ. ಮೀಟರುಗಟ್ಟಲೆ ಆಳದ ಮಣ್ಣು, ಉದ್ದಕ್ಕೆ ನಿಲ್ಲಿಸಿದ ಸ್ಪಂಜಿನ ಹಾಗೆ ಮೇಲಿನ ನೀರನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಒಣ ಮಣ್ಣು ಹಸಿ ಮಣ್ಣಿನಿಂದ ನೀರು ಎಳೆಯುವ ಈ ಬಲವನ್ನು ಭೌತಶಾಸ್ತ್ರದ ಭಾಷೆಗೆ ತಂದವನು ಭೌತವಿಜ್ಞಾನಿ ಎಡ್ಗರ್ ಬಕಿಂಗ್‌ಹ್ಯಾಮ್, 1907ರಲ್ಲಿ, ಅಮೆರಿಕದ ಕೃಷಿ ಇಲಾಖೆ ಹೊರತಂದ ಒಂದು ವರದಿಯಲ್ಲಿ. ಅದಕ್ಕೇ ಅಂಗಳದಿಂದ ಅಗೆದು ತಂದ ಮಣ್ಣು ಅಂಗಳದಲ್ಲಿ ಚಿನ್ನ, ಕುಂಡದಲ್ಲಿ ಕೆಸರು. ಅಂದಹಾಗೆ, ಆ ಸಂದಿಯ ಸೊಪ್ಪನ್ನು ಕಿತ್ತು ಸಾರು ಮಾಡುವ ಮುಂಚೆ ಒಂದು ಮಾತು. ಪೆಟ್ರೋಲಿಗೆ ಸೀಸ ಬೆರೆಸುವುದು 1920ರ ದಶಕದಲ್ಲಿ ಶುರುವಾಗಿ, ಜಗತ್ತಿನಲ್ಲಿ ಪೂರ್ತಿ ನಿಂತಿದ್ದು 2021ರಲ್ಲಿ. ಉದುರಿದ ಸೀಸ ಹಳೆಯ ರಸ್ತೆಗಳ ಪಕ್ಕದ ಮಣ್ಣಿನಲ್ಲಿ ಇನ್ನೂ ಇದೆ, ಬೇಯಿಸಿದರೆ ಹೋಗುವುದಿಲ್ಲ. ಸೊಪ್ಪು ಹುಡುಕಿಕೊಂಡು ಹೋಗುವವರು ರಸ್ತೆಯಿಂದ ದೂರ ಹೋಗಿ, ಗುರುತು ಖಚಿತವಿಲ್ಲದ ಗಿಡವನ್ನು ಮುಟ್ಟಲೇಬೇಡಿ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಕುಂಡ ಎತ್ತರ ಇರಲಿ. ಅಗಲವಾದ ತಟ್ಟೆಯಂಥ ಕುಂಡ ನೋಡೋಕೆ ಚೆಂದ, ಬೇರಿಗೆ ಕಷ್ಟ. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಕಾಳು), ಒರಟು ಕಾಂಪೋಸ್ಟ್ ಬೆರೆಸಿ ಮೇಲಿಂದ ತಳದವರೆಗೂ ಒಂದೇ ಹದ ಮಾಡಿ. ಸಂದಿಗಳು 1 ಮಿ.ಮೀ. ಹತ್ತಿರಕ್ಕೆ ಬಂದರೆ ಜೌಗು 3 ಸೆಂ.ಮೀ.ಗೆ ಇಳಿಯುತ್ತದೆ. ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಹಳೇ ಹತ್ತಿ ಬಟ್ಟೆಯ ಪಟ್ಟಿಯನ್ನು ನೆನೆಸಿ, ಒಂದು ತುದಿ ಮಣ್ಣಿನೊಳಗೆ, ಇನ್ನೊಂದು ತುದಿ ತಳದ ತೂತಿನಿಂದ ಒಂದು ಗೇಣು ಕೆಳಗೆ ನೇತಾಡುವ ಹಾಗೆ ಬಿಡಿ. ಕುಂಡವನ್ನು ಎತ್ತರದಲ್ಲಿ ಇಟ್ಟಿರಬೇಕು ಅಷ್ಟೇ. ಕುಂಡವೇ ಒಂದು ಗೇಣು ಉದ್ದ ಆಯಿತು ಅಂತ ನೀರು ಮೋಸಹೋಗುತ್ತದೆ, ಪಟ್ಟಿಯ ಗುಂಟ ಇಳಿಯುತ್ತದೆ. ಅಡುಗೆಮನೆಯಲ್ಲೂ ಹೀಗೇ: ಕೊಯ್ದ ಸೊಪ್ಪನ್ನು ತೊಳೆದು ಬುಟ್ಟಿಯಲ್ಲಿ ಮಲಗಿಸಿದರೆ ನೀರು ಎಲೆಗಳ ನಡುವೆಯೇ ಉಳಿದು ಬಾಣಲೆಯಲ್ಲಿ ಎಣ್ಣೆ ಸಿಡಿಯುತ್ತದೆ. ಕಟ್ಟನ್ನು ನೆಟ್ಟಗೆ ನಿಲ್ಲಿಸಿದರೆ ಅದೂ ಬಸಿಯುತ್ತದೆ. ಸ್ಪಂಜಿನದೇ ಕಥೆ.

ನಂಬಿಕೆ ಬರದಿದ್ದರೆ ಇವತ್ತೇ ನೋಡಿ. ಒಂದು ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ಕೊನೆಯ ಹನಿ ಬಿದ್ದು ಅರ್ಧ ಗಂಟೆ ಆಗಲಿ. ಕೆಳಗೆ ಒಂದು ಒಣ ತಟ್ಟೆ ಇಟ್ಟು, ಕುಂಡವನ್ನು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿಸಿ, ಬದಿಯ ತೂತು ಕೆಳಗೆ ಬರುವ ಹಾಗೆ. ವಾಲಿದ ಕುಂಡ ನೆಟ್ಟಗಿರುವ ಕುಂಡಕ್ಕಿಂತ ಎತ್ತರ. ತಟ್ಟೆಗೆ ಸುರಿಯುವ ನೀರು ಇಷ್ಟು ಹೊತ್ತು ಎಲ್ಲಿತ್ತು ಅಂತ ನೀವೇ ಹೇಳಿ.