ಸದ್ದಿಲ್ಲದೆ ರೀಬೂಟ್ ಆಗುವ ಸರ್ವರ್

ಬೆಳಿಗ್ಗೆ ಕಚೇರಿಗೆ ಬಂದು ನೋಡಿದರೆ ಸರ್ವರ್ ಎಂದಿನಂತೆ ನಡೆಯುತ್ತಿರುತ್ತದೆ. ಆದರೆ ಎಷ್ಟು ಹೊತ್ತಿನಿಂದ ಸತತವಾಗಿ ನಡೆಯುತ್ತಿದೆ ಎಂದು ಪರೀಕ್ಷಿಸಿದರೆ ನಾಲ್ಕು ಗಂಟೆ ಎಂದು ತೋರಿಸುತ್ತದೆ. ಯಾರೂ ಮುಟ್ಟದಿದ್ದರೂ ರಾತ್ರಿ ಯಾವುದೋ ಹೊತ್ತಿನಲ್ಲಿ ಯಂತ್ರ ಬಿದ್ದು ಎದ್ದಿದೆ. ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ಸರಿಪಡಿಸುವುದಕ್ಕಿಂತ ಹೀಗೆ ಆಗಾಗ ಬಿದ್ದೇಳುವ ಯಂತ್ರವನ್ನು ಸರಿಪಡಿಸುವುದು ಬಹಳ ಕಷ್ಟದ ಕೆಲಸ. ಏಕೆಂದರೆ ಕೆಟ್ಟು ನಿಂತದ್ದು ಆ ಸ್ಥಿತಿಯಲ್ಲೇ ಕೈಗೆ ಸಿಗುತ್ತದೆ, ರೀಬೂಟ್ ಆದದ್ದು ಮಾತ್ರ ಮೆಮೊರಿಯಲ್ಲಿದ್ದ ಎಲ್ಲವನ್ನೂ, ತಾನು ಬಿದ್ದ ಕಾರಣವನ್ನೂ ಸೇರಿಸಿ, ಒರೆಸಿಕೊಂಡು ಎದ್ದು ನಿಲ್ಲುತ್ತದೆ.

ಆದ್ದರಿಂದ ಮೊದಲು ತಿಳಿಯಬೇಕಾದದ್ದು ಒಂದೇ: ಬೀಳುವ ಮುನ್ನ ಯಂತ್ರಕ್ಕೆ ತಾನು ಬೀಳುತ್ತಿರುವುದು ಗೊತ್ತಿತ್ತೇ? ಲಿನಕ್ಸ್ ಸರ್ವರ್‌ನಲ್ಲಿ 'ಲಾಸ್ಟ್' ಎಂಬ ಆದೇಶವನ್ನು 'ಎಕ್ಸ್' ಆಯ್ಕೆಯೊಡನೆ ಕೊಟ್ಟರೆ ಯಂತ್ರ ಮುಚ್ಚಿದ ಮತ್ತು ತೆರೆದ ಸಮಯಗಳೆಲ್ಲ ಸಾಲಾಗಿ ಕಾಣುತ್ತವೆ. ಸಮಯದ ಕ್ರಮದಲ್ಲಿ ಪ್ರತಿ 'ರೀಬೂಟ್' ಸಾಲಿಗೂ ಮುಂಚೆ ಒಂದು 'ಶಟ್‌ಡೌನ್' ಸಾಲು ಇದ್ದರೆ ಯಾವುದೋ ತಂತ್ರಾಂಶವೋ ವ್ಯಕ್ತಿಯೋ ಕ್ರಮಬದ್ಧವಾಗಿ ಆಜ್ಞೆ ಕೊಟ್ಟಿರುವುದು ಖಚಿತ. ತಾನಾಗಿಯೇ ನಡೆಯುವ ಅಪ್‌ಡೇಟ್‌ಗಳು ಇಂಥ ಆಜ್ಞೆ ಕೊಡುವುದು ಹೆಚ್ಚು, ಅದನ್ನು ಹುಡುಕುವುದು ಸುಲಭ. ಶಟ್‌ಡೌನ್ ಸಾಲೇ ಇಲ್ಲದೆ ಎರಡು ರೀಬೂಟ್ ಸಾಲುಗಳು ಒಂದರ ಬೆನ್ನಿಗೆ ಒಂದು ಬಂದಿದ್ದರೆ ಮಾತ್ರ ನಿಜವಾದ ಹುಡುಕಾಟ ಆರಂಭವಾಗುತ್ತದೆ.

ವಿಂಡೋಸ್ ಸರ್ವರ್‌ಗಳಲ್ಲಿ ಇದೇ ಸಂದರ್ಭದಲ್ಲಿ 'ಕರ್ನಲ್-ಪವರ್ 41' ಎಂಬ ದಾಖಲೆ ಸಿಗುತ್ತದೆ. ಹೆಸರಿನಲ್ಲಿ 'ಪವರ್' ಇರುವುದನ್ನು ಕಂಡು ವಿದ್ಯುತ್ತಿನದೇ ದೋಷವೆಂದು ತೀರ್ಮಾನಿಸಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ಯಂತ್ರ ಎದ್ದ ಮೇಲೆ ಬರೆದ ಸಾಲು. 'ಹಿಂದಿನ ಸಲ ನಾನು ಸರಿಯಾಗಿ ಮುಚ್ಚಿಕೊಳ್ಳಲಿಲ್ಲ' ಎಂಬುದಷ್ಟೇ ಅದರ ಅರ್ಥ.

ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ದಾಟಲಾಗದ ದೋಷವೊಂದು ಎದುರಾದರೆ ಅದು 'ಪ್ಯಾನಿಕ್' ಸ್ಥಿತಿಗೆ ಹೋಗುತ್ತದೆ. ಇಷ್ಟು ಸೆಕೆಂಡುಗಳ ಬಳಿಕ ರೀಬೂಟ್ ಆಗು ಎಂದು ಮೊದಲೇ ಹೇಳಿಟ್ಟಿದ್ದರೆ ಹಾಗೆಯೇ ಮಾಡುತ್ತದೆ. ಸಾಯುತ್ತಿರುವ ಕರ್ನಲ್ ತನ್ನ ಕೊನೆಯ ಮಾತನ್ನು ಡಿಸ್ಕಿಗೆ ಬರೆಯುವಷ್ಟು ಸ್ಥಿಮಿತದಲ್ಲಿ ಇರುವುದಿಲ್ಲವಾದ್ದರಿಂದ 'ಕೆಡಂಪ್' ಎಂಬ ಏರ್ಪಾಡಿದೆ: ಮೆಮೊರಿಯ ಒಂದು ಮೂಲೆಯನ್ನು ಮೊದಲೇ ಕಾದಿರಿಸಿ ಅಲ್ಲಿ ಎರಡನೆಯ ಪುಟ್ಟ ಕರ್ನಲ್ ಒಂದನ್ನು ಇಟ್ಟಿರಲಾಗುತ್ತದೆ, ಮೊದಲನೆಯದು ಕುಸಿದ ಕ್ಷಣ ಎರಡನೆಯದು ಎದ್ದು, ಸತ್ತದ್ದರ ಮೆಮೊರಿಯನ್ನು ಡಿಸ್ಕಿಗೆ ನಕಲು ಮಾಡಿ ಉಳಿಸುತ್ತದೆ.

ಅಲ್ಲಿಯೂ ಏನೂ ಸಿಗದೆ, ಯಂತ್ರ ಬರೆದಿಡುವ ದಿನಚರಿಯಾದ ಲಾಗ್‌ನ ಸಾಲು ನಡುವೆಯೇ ಕಡಿದುಹೋಗಿದ್ದರೆ, ಆ ಮೌನವನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳಬೇಕು. ಯಂತ್ರಕ್ಕೆ ಏನಾಯಿತೆಂದು ತಿಳಿಯುವಷ್ಟು ಸಮಯವೂ ಸಿಕ್ಕಿಲ್ಲ ಎಂದಾದರೆ ಕಾರಣ ಬಹುಮಟ್ಟಿಗೆ ಯಂತ್ರಾಂಶದಲ್ಲಿ, ಅದರಲ್ಲೂ ವಿದ್ಯುತ್ ಪೂರೈಕೆಯಲ್ಲಿ ಇರುತ್ತದೆ. ನಮ್ಮಲ್ಲಿ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು. ಅಂದರೆ ಒಂದು ಆವರ್ತನೆಗೆ 20 ಮಿಲಿಸೆಕೆಂಡ್. ಸಾಮಾನ್ಯ ಕಂಪ್ಯೂಟರ್ ಪವರ್ ಸಪ್ಲೈಗಳ ವಿನ್ಯಾಸದಲ್ಲಿ, ಒಳಬರುವ ವಿದ್ಯುತ್ತು ನಿಂತ ಮೇಲೂ ಸುಮಾರು 16ರಿಂದ 17 ಮಿಲಿಸೆಕೆಂಡ್ ಕಾಲ ತನ್ನ ಕೆಪಾಸಿಟರ್‌ಗಳಲ್ಲಿ ತುಂಬಿಟ್ಟ ಶಕ್ತಿಯಿಂದ ಯಂತ್ರವನ್ನು ನಡೆಸಬೇಕೆಂಬ ನಿಯಮವಿದೆ. ಆ ಬಳಿಕ ಅದು ಮದರ್‌ಬೋರ್ಡಿಗೆ ಕೊಡುತ್ತಿದ್ದ 'ವಿದ್ಯುತ್ತು ಸರಿಯಾಗಿದೆ' ಎಂಬ ಸಂಕೇತವನ್ನು ಹಿಂತೆಗೆದುಕೊಳ್ಳುತ್ತದೆ, ಪ್ರೊಸೆಸರ್ ಆ ಕ್ಷಣವೇ ರೀಸೆಟ್ ಆಗುತ್ತದೆ. ಒಂದೇ ಒಂದು ಆವರ್ತನೆ ತಪ್ಪಿದರೂ ಸಾಕು. ತಲೆಯ ಮೇಲಿನ ಫ್ಯಾನ್ ನಿಧಾನವಾಗಿರುವುದಿಲ್ಲ, ಕರೆಂಟ್ ಹೋಗಿತ್ತೆಂದು ಕೋಣೆಯಲ್ಲಿ ಕುಳಿತವರು ಒಪ್ಪುವುದೂ ಇಲ್ಲ. ಕೆಪಾಸಿಟರ್ ಹಳೆಯದಾದಷ್ಟೂ ಒಳಗಿನ ದ್ರವ ಆವಿಯಾಗಿ ಈ ಗಡುವು ಕಿರಿದಾಗುತ್ತದೆ. ಮುಚ್ಚಳ ತೆಗೆದು ಮದರ್‌ಬೋರ್ಡಿನತ್ತ ಟಾರ್ಚ್ ಹಾಯಿಸಿ ನೋಡಿದರೆ ಕೆಲವೊಮ್ಮೆ ದೋಷ ಕಣ್ಣಿಗೇ ಕಾಣುತ್ತದೆ: ಚಪ್ಪಟೆಯಾಗಿರಬೇಕಾದ ಕೆಪಾಸಿಟರ್ ತಲೆ ಉಬ್ಬಿಕೊಂಡು, ಅದರ ಮೇಲೆ ಕಂದು ಬಣ್ಣದ ಕಲೆ ಒಣಗಿರುತ್ತದೆ.

ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಹೀಗೆಯೇ ಸದ್ದಿಲ್ಲದೆ ಬೀಳುತ್ತಿತ್ತು. ಮೂರು ತಿಂಗಳ ರೀಬೂಟ್‌ಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಾಗ ಎಲ್ಲವೂ ಮಂಗಳವಾರದ ಸಾಲಿನಲ್ಲೇ, ಒಂದು ವಾರ ಬಿಟ್ಟು ಒಂದು ವಾರ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದಿದ್ದವು. ಸಡಿಲ ಕೇಬಲ್ಲಿಗಾಗಲಿ ಬಿಸಿಯಾದ ಪ್ರೊಸೆಸರಿಗಾಗಲಿ ಮಂಗಳವಾರ ಯಾವುದೆಂದು ಗೊತ್ತಾಗುವುದಿಲ್ಲ. ಹದಿನಾಲ್ಕು ದಿನ ಎಣಿಸುವ ಗಡಿಯಾರ ಎಲ್ಲೋ ಇರಲೇಬೇಕು. ಅದು ಯುಪಿಎಸ್ ಒಳಗಿತ್ತು. ಅನೇಕ ಯುಪಿಎಸ್‌ಗಳು ಎರಡು ವಾರಕ್ಕೊಮ್ಮೆ ಕೆಲವು ಸೆಕೆಂಡು ಬ್ಯಾಟರಿಯ ಮೇಲೆ ನಡೆದು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಸರ್ವರನ್ನು ಬೇರೆಡೆಗೆ ಜೋಡಿಸಿ, ಅದರ ಜಾಗದಲ್ಲಿ ಎರಡು ದೊಡ್ಡ ಬಲ್ಬುಗಳನ್ನು ಹಾಕಿ ಗೋಡೆಯ ಸ್ವಿಚ್ ಆರಿಸಿದೆವು. ಬಲ್ಬುಗಳು ಒಮ್ಮೆ ಮಂಕಾಗಿ, ಮೂರು ಎಣಿಸುವುದರೊಳಗೆ ಆರಿದವು. ಸರ್ವರನ್ನು ಕಾಪಾಡಲೆಂದು ತಂದಿಟ್ಟ ಪೆಟ್ಟಿಗೆಯೇ ಅದನ್ನು ಬೀಳಿಸುತ್ತಿತ್ತು.

ಮೆಮೊರಿಯ ದೋಷಕ್ಕೆ ಇಂಥ ತಿಥಿ ವಾರಗಳಿಲ್ಲ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಮೆಮೊರಿ ಸಾಂಪ್ರದಾಯಿಕವಾಗಿ ಪ್ರತಿ 64 ಬಿಟ್ ಮಾಹಿತಿಗೆ 8 ಕಾವಲು ಬಿಟ್‌ಗಳನ್ನು ಇಟ್ಟುಕೊಂಡಿರುತ್ತದೆ. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ತಿದ್ದಲಾಗದೆಂದು ಸಾರುತ್ತದೆ, ಆಗ ಯಂತ್ರ ನಿಲ್ಲಬೇಕಾಗಬಹುದು. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಶೇಕಡಾ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ (ಮಾಡ್ಯೂಲ್‌ಗಳಲ್ಲಿ) ಇಂಥ ತಪ್ಪು ಕಂಡುಬಂದಿತ್ತು. ತಿದ್ದಿದ ತಪ್ಪುಗಳ ಲೆಕ್ಕ ಒಂದೇ ಪಟ್ಟಿಯಲ್ಲಿ ಏರುತ್ತಿದ್ದರೆ ಮುಂದಿನ ರೀಬೂಟ್‌ಗೆ ಕಾಯದೆ ಅದನ್ನು ಬದಲಾಯಿಸುವುದು ಒಳ್ಳೆಯದು.

ಈ ಲೆಕ್ಕಗಳು ಹೆಚ್ಚಾಗಿ ಸಿಗುವುದು ಬಿಎಂಸಿಯಲ್ಲಿ. ಸರ್ವರ್ ಮದರ್‌ಬೋರ್ಡಿನ ಮೇಲೆ ಕುಳಿತ ಪ್ರತ್ಯೇಕವಾದ ಪುಟ್ಟ ಕಂಪ್ಯೂಟರ್ ಇದು. ಮುಖ್ಯ ಪ್ರೊಸೆಸರ್ ಸತ್ತಾಗಲೂ ಪ್ಲಗ್ಗಿನಲ್ಲಿ ವಿದ್ಯುತ್ತು ಇರುವವರೆಗೆ ಎಚ್ಚರವಾಗಿದ್ದು, ತಾಪಮಾನ, ವೋಲ್ಟೇಜ್, ಫ್ಯಾನ್ ವೇಗಗಳನ್ನು ತನ್ನದೇ ದಾಖಲೆಯಲ್ಲಿ ಬರೆಯುತ್ತದೆ. ಬಿಎಂಸಿ ಕೂಡ ಅದೇ ಕ್ಷಣಕ್ಕೆ ರೀಬೂಟ್ ಆಗಿದ್ದರೆ ದೋಷ ಬಹುಮಟ್ಟಿಗೆ ಪವರ್ ಸಪ್ಲೈಯಲ್ಲೋ, ಸರ್ವರ್‌ನಿಂದ ಆಚೆ ಗೋಡೆಯ ಕಡೆಗೋ ಇದೆ.

ಯಂತ್ರವನ್ನು ಬೇಕೆಂದೇ ಬೀಳಿಸುವ ಕಾವಲುಗಾರನೂ ಒಬ್ಬನಿದ್ದಾನೆ. 'ವಾಚ್‌ಡಾಗ್' ಎಂಬ ಈ ಏರ್ಪಾಡು, ತಂತ್ರಾಂಶ ಗೊತ್ತಾದ ಸಮಯದೊಳಗೆ ಓಗೊಡದಿದ್ದರೆ ರೀಸೆಟ್ ಮಾಡುತ್ತದೆ. 1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿದ ನಾಸಾದ ಪಾತ್‌ಫೈಂಡರ್ ನೌಕೆ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗತೊಡಗಿದ್ದು ಇಂಥದೇ ಕಾವಲಿನಿಂದ. ಹವಾಮಾನ ಮಾಹಿತಿ ಕೂಡಿಸುತ್ತಿದ್ದ ಕೆಳ ಆದ್ಯತೆಯ ಕೆಲಸವೊಂದು, ಒಮ್ಮೆಗೆ ಒಂದೇ ಕೆಲಸ ಹಿಡಿಯಬಹುದಾದ ತಂತ್ರಾಂಶದ ಬೀಗವೊಂದನ್ನು ಹಿಡಿದಿರುವಾಗ ನಡು ಆದ್ಯತೆಯ ಕೆಲಸಗಳು ಅದನ್ನು ಬದಿಗೊತ್ತುತ್ತಿದ್ದವು. ಅದೇ ಬೀಗಕ್ಕೆ ಕಾಯುತ್ತಿದ್ದ ಅತಿಮುಖ್ಯ ಕೆಲಸ ಗಡುವಿನೊಳಗೆ ಮುಗಿಯುತ್ತಿರಲಿಲ್ಲ. ಇಳಿಯುವ ಮುನ್ನ ಭೂಮಿಯ ಮೇಲಿನ ಪರೀಕ್ಷೆಗಳಲ್ಲಿಯೂ ಈ ರೀಸೆಟ್ ಕಂಡಿತ್ತು, ಆದರೆ ಹುಡುಕಹೊರಟಾಗ ಮತ್ತೆ ಕಾಣಿಸಿರಲಿಲ್ಲ. ನೌಕೆಯ ತದ್ರೂಪು ಯಂತ್ರವನ್ನು ಪ್ರಯೋಗಾಲಯದಲ್ಲಿ ನಡೆಸುತ್ತ, ಪ್ರತಿ ಹೆಜ್ಜೆಯನ್ನೂ ದಾಖಲಿಸಿಕೊಳ್ಳುತ್ತ ಕಾದು ಎಂಜಿನಿಯರುಗಳು ಕೊನೆಗೆ ಅದನ್ನು ಹಿಡಿದರು. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಮೇಲಿನ ಆದ್ಯತೆ ಕೊಡುವ ಸೌಲಭ್ಯ ಆ ತಂತ್ರಾಂಶದಲ್ಲಿ ಇದ್ದೇ ಇತ್ತು, ಆದರೆ ಆರಿಸಿಡಲಾಗಿತ್ತು. 19 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಿಂದ ಅದನ್ನು ಚಾಲೂ ಮಾಡಲಾಯಿತು.

ದೋಷ ಹೋಯಿತೆಂದು ನಂಬುವುದು ಯಾವಾಗ? ಇಲ್ಲಿ ಸ್ವಲ್ಪ ಗಣಿತ ಬೇಕು. ಯಾವ ಕ್ರಮವೂ ಇಲ್ಲದೆ, ಸರಾಸರಿ 10 ದಿನಕ್ಕೊಮ್ಮೆ ರೀಬೂಟ್ ಆಗುತ್ತಿದ್ದ ಸರ್ವರ್‌ಗೆ ಪವರ್ ಸಪ್ಲೈ ಬದಲಾಯಿಸಿದ್ದೀರಿ ಎನ್ನೋಣ. ನಿಮ್ಮ ಊಹೆ ಪೂರ್ತಿ ತಪ್ಪಾಗಿದ್ದರೂ ಮುಂದಿನ 10 ದಿನ ಅದು ಬೀಳದೆ ಇರುವ ಸಂಭವ ಸುಮಾರು ಶೇಕಡಾ 37. 20 ದಿನಕ್ಕೆ ಶೇಕಡಾ 13 ಚಿಲ್ಲರೆ. 30 ದಿನಕ್ಕೆ ಶೇಕಡಾ 5. ಒಂದು ವಾರ ಸುಮ್ಮನಿದ್ದುದನ್ನು ಕಂಡು 'ಸರಿಹೋಯಿತು' ಎಂದು ವರದಿ ಬರೆಯುವುದರಿಂದಲೇ ಎಷ್ಟೋ ಸರ್ವರ್‌ಗಳಿಗೆ ಬೇಡದ ಭಾಗಗಳು ಬದಲಾಗುತ್ತಿವೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ದಿನಾಂಕ ಬರೆದಿಟ್ಟು, ಸರಾಸರಿ ಅಂತರದ ಮೂರು ಪಟ್ಟು ಕಾಯಬೇಕು. ಆ ತಿಂಗಳು ಮುಗಿಯುವವರೆಗೆ ತೆಗೆದ ಹಳೆಯ ಪವರ್ ಸಪ್ಲೈಯನ್ನು ಗುಜರಿಗೆ ಹಾಕದೆ, ಚೀಟಿ ಅಂಟಿಸಿ ಕಪಾಟಿನಲ್ಲಿ ಇಟ್ಟಿರಿ.