ಹೋದ ವರ್ಷ ಅಲ್ಲೇ ಜಿಗದಿದ್ದೆ ಸರ್
ನಾ ಹುಬ್ಬಳ್ಳ್ಯಾಗ ಬೆನ್ನುಹುರಿ ಆಪರೇಷನ್ ಮಾಡೂ ಡಾಕ್ಟರ್. ರವಿವಾರ ಸಂಜಿಮುಂದ ಕ್ಯಾಜುವಾಲ್ಟಿಯಿಂದ ಫೋನ್ ಬಂತಂದ್ರ ಅರ್ಧಾ ಕತಿ ಅಲ್ಲೇ ಗೊತ್ತಾಗ್ತೈತಿ, ಹುಡುಗ್ರು ದಾಂಡೇಲಿಗೋ ಸಾತೊಡ್ಡಿಗೋ ಹೋಗಿರ್ತಾರ, ಇಲ್ಲಾಂದ್ರ ಹಾವೇರಿ ಕಡೆ ತುಂಗಭದ್ರಾ ದಂಡಿಗೆ, ಒಬ್ಬಾಂವ ಬಂಡೆಗಲ್ಲಿನ ಮ್ಯಾಲಿಂದ ತಲಿ ಮುಂದ ಮಾಡಿ ಜಿಗದಿರ್ತಾನ, ಇನ್ನೊಬ್ಬಾಂವ ರೀಲ್ಸ್ ಮಾಡಾಕತ್ತಿರ್ತಾನ. ಎಲ್ಲಾರೂ ಮುಳುಗೂದಕ್ಕ ಅಂಜತಾರ, ಆದ್ರ ನನ್ನ ಹತ್ರ ಬರೂ ಹುಡುಗ್ರಿಗೆ ಈಜು ಚಲೋ ಬರ್ತಿರ್ತೈತಿ.

ಕಾಳಿ ಹೊಳಿಯಿಂದ ಬಂದ ಒಬ್ಬ ಹುಡುಗ ಹೇಳಿದ್ದು, "ಹೋದ ವರ್ಷ ಅಲ್ಲೇ ಜಿಗದಿದ್ದೆ ಸರ್, ಎರಡಾಳು ನೀರಿತ್ತು." ಜಾಗ ಅದೇ ಖರೆ. ಆದ್ರ ನಡುವ ಒಂದು ಮಳಿಗಾಲ ಹೋಗೇತಲ್ಲ, ಹೊಳಿ ಉಸುಕು ಕಲ್ಲು ಮರದ ಬೊಡ್ಡಿ ಎಲ್ಲಾ ಎಳಕೊಂಡು ಬಂದು ಎಲ್ಲಿ ಬೇಕಲ್ಲಿ ಹಾಕಿರ್ತೈತಿ. ಅದೂ ಅಲ್ದ ಮ್ಯಾಲೆ ಸೂಪಾ ಡ್ಯಾಂನಾಗ ಕರೆಂಟಿಗೆ ನೀರು ಬಿಟ್ರ ಕಾಳಿ ಏರ್ತೈತಿ, ನಿಲ್ಸಿದ್ರ ಇಳಿತೈತಿ, ಮುಂಜಾನಿ ನೋಡಿದ ಆಳ ಮಧ್ಯಾಹ್ನಕ್ಕ ಇರ್ತೈತಿ ಅನ್ನೂ ಗ್ಯಾರಂಟಿ ಇಲ್ಲ. (ಅಲ್ಲಿ ಮೊಸಳಿನೂ ಅದಾವ, ಮೊಸಳಿ ಬೋರ್ಡ್ ಮುಂದ ಸೆಲ್ಫಿ ತಗೊಂಡು ಆಮ್ಯಾಲೆ ನೀರಿಗಿಳಿಯೂ ಮಂದಿಗೆ ನಾ ಏನ್ ಹೇಳ್ಲಿ.)

ತಲಿ ತಳಕ್ಕ ಬಡದು ನಿಲ್ತೈತಿ, ಹಿಂದ ಬರೂ 60-70 ಕೆಜಿ ಮೈ ನಿಲ್ಲಂಗಿಲ್ಲ, ನಡುವ ಸಿಕ್ಕೊಳ್ಳೂದು ಕುತ್ತಿಗಿ. ಅಲ್ಲಿ 7 ಮಣಿ ಅದಾವ, ತಲಿ ಕಡೆಯಿಂದ ಎಣಿಸಿದ್ರ ಹಿಂಗ ಜಿಗದಾಗ ಹೆಚ್ಚಾಗಿ ಒಡೆಯೂದು 5ನೇದ್ದು, 6ನೇದ್ದು, ಒಡದ ಚೂರು ಹಿಂದ ಸರದು ಬೆನ್ನುಹುರಿ ಒತ್ತತೈತಿ. ಪೆಟ್ಟು 4ನೇದ್ದರಕಿಂತ ಮ್ಯಾಲೆ ತಲಿ ಕಡೆ ಆದ್ರ ಉಸಿರಾಡಾಕೂ ವೆಂಟಿಲೇಟರ್ ಬೇಕಾಗ್ತೈತಿ. ಈ ಹುಡುಗಗ ಮೊಣಕೈ ಮಡಚಾಕ ಬರ್ತಿತ್ತು, ಬೆರಳು ಬರ್ತಿರಲಿಲ್ಲ. ನೆತ್ತಿ ಮ್ಯಾಲೆ ಸಣ್ಣದೊಂದು ತರಚು ಗಾಯ ಅಷ್ಟೇ, ಕೂದಲದಾಗ ಉಸುಕು ಇನ್ನೂ ಹಸಿ ಇತ್ತು. ಅವರವ್ವ ಪಾದ ಚಿವುಟಿ ಚಿವುಟಿ "ಗೊತ್ತಾಗ್ತೈತೇನೋ ತಮ್ಮಾ" ಅಂತ ಕೇಳಾಕತ್ತಿದ್ರು.

ಗೆಳ್ಯಾ ಮೊಬೈಲ್‌ನಾಗ ವಿಡಿಯೋ ತೋರಿಸಿದ. ಜಿಗದಾಂವ ಬೋರಲಾಗಿ ಮ್ಯಾಲೆ ಬಂದು ತೇಲಾಕತ್ತಾನ, ಕೈಕಾಲು ಆಡವಲ್ಲವು, ದಂಡಿ ಮ್ಯಾಲಿದ್ದವರು ನಾಟಕ ಮಾಡಾಕತ್ತಾನ ಅಂತ ನಗಾಕತ್ತಾರ. ಆಮ್ಯಾಲೆ ಗಾಬರಿಯಾಗಿ ರಟ್ಟಿ ಹಿಡದು ಎಳದಾರ, ಕಾರಿನ ಹಿಂದಿನ ಸೀಟಿನ್ಯಾಗ ಕುಂದ್ರಿಸ್ಯಾರ, ಹಳಿಯಾಳ ರೋಡಿನ ಹಂಪ್ ಎಲ್ಲಾ ಆ ಜೋತುಬಿದ್ದ ಕುತ್ತಿಗಿ ಮ್ಯಾಲೇ ದಾಟ್ಯಾವ. ಪಾಪ, ಒಳ್ಳೆ ಮನಸ್ಸಿನಿಂದನ ಮಾಡಿದ್ದು, ಬೈಯಾಕ ಬಾಯಿ ಬರಲಿಲ್ಲ.

ಜಿಗದಾಂವ ಬೋರಲು ತೇಲಿದ್ರ ಲಗೂನ ನೀರಾಗ ಇಳದು, ತಲಿ ಮೈ ಒಂದೇ ನೇರಕ್ಕ ಹಿಡದು ಅಂಗಾತ ತಿರುಗಿಸ್ರಿ. ಉಸಿರಿಲ್ಲಾಂದ್ರ ಮೊದಲ ಉಸಿರು ಕೊಡ್ರಿ, ಕುತ್ತಿಗಿ ಆಮ್ಯಾಲೆ. ಹೊಟ್ಟಿ ಒತ್ತಿ ನೀರು ತೆಗಿಯಾಕ ಹೋಗಬ್ಯಾಡ್ರಿ. ಉಸಿರಾಡಾಕತ್ತಿದ್ರ ನಾಕು ಮಂದಿ ಸೇರಿ ಹಲಗಿ ಮ್ಯಾಲೆ ಎತ್ರಿ, ಎರಡೂ ಕಿವಿ ಕಡೆ ಟವೆಲ್ ಸುತ್ತಿ ಇಡ್ರಿ, ಕುಂದ್ರಿಸಬ್ಯಾಡ್ರಿ. 108ಕ್ಕ ಹಚ್ಚಿದಾಗ ನೀರಾಗ ಬಿದ್ದಾನ ಅಂತ ಅಷ್ಟೇ ಹೇಳಬ್ಯಾಡ್ರಿ, ಕುತ್ತಿಗಿಗೆ ಪೆಟ್ಟಾಗೇತಿ, ಕೈಕಾಲು ಆಡವಲ್ಲವು ಅಂತನೂ ಹೇಳ್ರಿ.